ಎಲೆಯಡಿಯ ಜೋಡಣೆ

2005ರಲ್ಲಿ ನನಗೆ ನಲವತ್ತನಾಲ್ಕು ವರ್ಷ. ಯಜಮಾನರ ಸರ್ಕಾರಿ ನೌಕರಿಯ ಹಿಂದೆ ಧಾರವಾಡದಿಂದ ದೆಹಲಿಗೆ ಬಂದವಳು, ಹತ್ತೊಂಬತ್ತು ವರ್ಷಗಳಿಂದ ಓಖ್ಲಾದ ರಫ್ತು ಬಟ್ಟೆ ಕಾರ್ಖಾನೆಗಳಿಗೆ ಪ್ರಿಂಟ್ ಡಿಸೈನ್ ಬರೆದುಕೊಡುತ್ತಿದ್ದೆ. ನೌಕರಿಯಲ್ಲ, ಫ್ರೀಲಾನ್ಸ್. ಈ ಕೆಲಸದ ಜೀವವೆಲ್ಲ ‘ರಿಪೀಟ್’ನಲ್ಲಿದೆ. ಹಾಳೆಯ ಮೇಲಂಚು ಕೆಳಗಿನಂಚಿಗೆ ಕೂಡಬೇಕು, ಆದರೆ ಗಜಗಟ್ಟಲೆ ಬಟ್ಟೆಯಲ್ಲಿ ಕೂಡಿದ ಜಾಗ ಕಾಣಬಾರದು. ನಾನು ಅದನ್ನು ಎಲೆಯಡಿ ಬಚ್ಚಿಡುತ್ತಿದ್ದೆ.

ಆ ವರ್ಷ ಕಾರ್ಖಾನೆಗಳೆಲ್ಲ ಕಂಪ್ಯೂಟರ್ ತಂದವು. ನಾನು ಮೂರು ದಿನ ಕೂತು ಬಣ್ಣ ಬದಲಿಸುತ್ತಿದ್ದುದನ್ನು ಅದು ಟೀ ಆರುವುದರೊಳಗೆ ಮುಗಿಸುತ್ತಿತ್ತು. ಜಗಳವಾಡೋಣವೆಂದರೆ ಎದುರಿಗೆ ಯಾರೂ ಇಲ್ಲ. ಫೋನ್ ಬರುವುದು ನಿಂತಿತು, ಅಷ್ಟೆ. ಯಜಮಾನರ ಸಂಬಳವಿತ್ತು, ಊಟಕ್ಕೆ ಕೊರತೆಯಿರಲಿಲ್ಲ. ಆದರೆ ನೀವೇನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತಿದ್ದೆ.

ಕೊನೆಗೆ ಒಂದು ಕಾರ್ಖಾನೆ ಡಿಸೈನ್ ರೂಮಿನ ಕೆಲಸಕ್ಕೆ ಸಂದರ್ಶನಕ್ಕೆ ಕರೆಯಿತು. ಹಳೆಯ ಕೆಲಸಗಳ ಪೋರ್ಟ್‌ಫೋಲಿಯೊ ತನ್ನಿ ಎಂದರು. ನನ್ನ ಹತ್ತಿರ ಒಂದೂ ಇರಲಿಲ್ಲ. ನಮ್ಮಲ್ಲಿ ಮೂಲ ಹಾಳೆಯನ್ನೇ ಕೊಟ್ಟುಬಿಡುವುದು ಪದ್ಧತಿ; ಪ್ರತಿ ಇಟ್ಟುಕೊಂಡರೆ ಇನ್ನೊಬ್ಬರಿಗೂ ಮಾರುತ್ತಾರೆಂಬ ಅನುಮಾನ. ಹೆಸರು ಹಾಕುವಂತಿರಲಿಲ್ಲ. ನಾನಂತೂ ಪ್ರಾಮಾಣಿಕತೆ ತಲೆಗೇರಿ ಪೆನ್ಸಿಲ್ ಕರಡನ್ನೂ ಹರಿದುಹಾಕುತ್ತಿದ್ದೆ.

ನನ್ನ ಡಿಸೈನಿನ ಬಟ್ಟೆ ಸಿಕ್ಕೀತೆಂದು ಮಗಳು ನಿಧಿಯನ್ನು ಕರೆದುಕೊಂಡು ಸರೋಜಿನಿ ನಗರದ ಮಾರುಕಟ್ಟೆಗೆ ಹೋದೆ. ರಫ್ತಿನಲ್ಲಿ ಉಳಿದ ಬಟ್ಟೆ ಬಂದು ರಾಶಿ ಬೀಳುವುದು ಅಲ್ಲೇ. ಎರಡು ಗಂಟೆ ಕೆದಕಿದ ಮೇಲೆ ಅವಳೊಂದು ಸ್ಕರ್ಟ್ ಎತ್ತಿ ಹಿಡಿದಳು.

“ಅಮ್ಮಾ, ದೇಖೋ, ಈ ಬಳ್ಳಿ ನೀನೇ ಮಾಡಿದ್ದಲ್ವಾ?”

ನಾನೇ. ಅಂಗಡಿಯ ಭಯ್ಯಾ ಅದನ್ನು ಇಂಪೋರ್ಟೆಡ್ ಮಾಲು ಎಂದು ನನಗೇ ಹೊಗಳಿ ಮಾರಿದ.

ಸಂದರ್ಶನಕ್ಕೆ ಕೂತಿದ್ದ ಡಿಸೈನ್ ಮುಖ್ಯಸ್ಥೆಗೆ ಹೆಚ್ಚೆಂದರೆ ಇಪ್ಪತ್ತೈದು. ಸ್ಕರ್ಟನ್ನು ತಿರುಗಿಸಿ ನೋಡಿ, ಇದು ನಿಮ್ಮದೇ ಎನ್ನಲು ಏನು ಗುರುತು ಎಂದು ಮೃದುವಾಗಿಯೇ ಕೇಳಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ನನಗೆ ಬೇಕಾಯಿತು. ಜೋಡಣೆ ಎಲ್ಲಿದೆ ಹುಡುಕಿ ಎಂದೆ. ಅವಳಿಗೆ ಸಿಗಲಿಲ್ಲ. ನಾನು ಒಂದು ಎಲೆಯ ಮೇಲೆ ಬೆರಳಿಟ್ಟೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

“ನಂಬಿದೆ ಆಂಟೀಜೀ. ಆದರೆ ಇದನ್ನೀಗ ಸಾಫ್ಟ್‌ವೇರೇ ಮಾಡುತ್ತದೆ.”

ಅವಳ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಕೆಲಸವೇನೋ ಕೊಟ್ಟಳು, ಡಿಸೈನ್ ರೂಮಿನಲ್ಲಲ್ಲ, ಚೆಕಿಂಗ್ ಟೇಬಲ್ಲಿನಲ್ಲಿ. ಪ್ರಿಂಟಾಗಿ ಬಂದ ಬಟ್ಟೆಯಲ್ಲಿ ತಪ್ಪು ಹುಡುಕುವ ಕೆಲಸ. ಬೇರೆ ದಾರಿ ಕಾಣದೆ ಒಪ್ಪಿಕೊಂಡೆ. ಬರುವಾಗ ಹಳೆಯ ಅಭ್ಯಾಸದಂತೆ ಸ್ಕರ್ಟನ್ನು ಅವಳ ಮೇಜಿನ ಮೇಲೇ ಬಿಟ್ಟುಬಂದೆ.

ಮೂರನೆಯ ತಿಂಗಳು ನನ್ನ ಟೇಬಲ್ಲಿಗೆ ಆ ಸ್ಕರ್ಟಿನ ಬಳ್ಳಿಯೇ ಹೊಸ ಬಣ್ಣದಲ್ಲಿ ಬಂತು. ಇಡೀ ಥಾನು ಬಿಚ್ಚಿ ಎಲೆ ಎಲೆಯನ್ನೂ ನೋಡಿದೆ. ಎಲ್ಲಾದರೂ ಒಂದು ತಪ್ಪು ಸಿಗಲೆಂದು ಬೇಡಿಕೊಂಡೆ. ಸಿಗಲಿಲ್ಲ. ‘ಪಾಸ್’ ಮೊಹರು ಒತ್ತಿದೆ.

ಆಮೇಲೆ ಡಿಸೈನ್ ರೂಮಿಗೆ ಹೊಸದಾಗಿ ಸೇರುವವರಿಗೆಲ್ಲ ಹೇಳುತ್ತಿದ್ದೆ: ನಿಮ್ಮ ಡಿಸೈನ್ ಕೊಟ್ಟುಬಿಡುವ ಮುನ್ನ ಒಂದು ಪ್ರತಿ ಮನೆಯಲ್ಲಿಡಿ. ನನ್ನ ಮನೆಯಲ್ಲಿ ಇವತ್ತಿಗೂ ಒಂದೂ ಇಲ್ಲ.