ಸಿದ್ರಾಯ ಸರ ಮತ್ತು ಮೊದಲ ಗುಂಪು

ಗೋಕಾಕದ ಒಂದು ಕಾಲೇಜಿನಲ್ಲಿ ಸಿದ್ರಾಯ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದ. ಮೂಡಲಗಿ ಕಡೆಯ ಕುರಿಗಾರರ ಮನೆಯವನು. ಅಪ್ಪ, ಅಣ್ಣ ಕುರಿಗಳ ಹಿಂದೆ ಹೋದರೆ ಇವನು ಕಬಡ್ಡಿಯ ಹಿಂದೆ ಹೋದ ಎಂದು ಊರವರು ನಗುತ್ತಿದ್ದರು. ವಯಸ್ಸು ಐವತ್ತರ ಹತ್ತಿರ ಬಂದರೂ ಕೆಲಸ ಕಾಯಂ ಆಗಿರಲಿಲ್ಲ. ವರ್ಷ ವರ್ಷವೂ ಪ್ರಾಚಾರ್ಯರು ಕರೆದು, "ಈ ವರ್ಷಾನೂ ಬರ್ರಿ" ಅನ್ನಬೇಕು, ಅವನು ಹೋಗಬೇಕು.

ಅವರ ವಿಶ್ವವಿದ್ಯಾಲಯದಲ್ಲಿ ಕಾಲೇಜುಗಳ ಕಬಡ್ಡಿ ಎರಡು ಗುಂಪಾಗಿ ನಡೆಯುತ್ತಿತ್ತು. ಬಲವಾದ ಕಾಲೇಜುಗಳೆಲ್ಲ ಮೊದಲ ಗುಂಪಿನಲ್ಲಿ. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸುವವರು ಆ ಗುಂಪಿನ ಪಂದ್ಯಗಳಿಗೆ ಮಾತ್ರ ಬರುತ್ತಿದ್ದರು. ಎರಡನೇ ಗುಂಪಿನಲ್ಲಿ ಗೆದ್ದವರಿಗೆ ಬಹುಮಾನವಾಗಿ ಒಂದು ಢಾಲು, ಒಂದು ಫೋಟೋ, ಅಷ್ಟೇ. ಸಿದ್ರಾಯನ ಹುಡುಗಿಯರು ಮೇಲಿಂದ ಮೇಲೆ ಗೆದ್ದರು. ನಮ್ಮನ್ನು ಮೇಲಿನ ಗುಂಪಿಗೆ ಸೇರಿಸಿಕೊಳ್ಳಿ ಎಂದು ಕೇಳಿದಾಗಲೆಲ್ಲ ಏನಾದರೊಂದು ಕೊರತೆ ಎದುರಿಗೆ ಬರುತ್ತಿತ್ತು. ಮ್ಯಾಟ್ ಇಲ್ಲ ಎಂದರು. ಹಳೆಯ ವಿದ್ಯಾರ್ಥಿಗಳು ಸೇರಿ ಮ್ಯಾಟ್ ಕೊಡಿಸಿದರು. ಹುಡುಗಿಯರ ಹಾಸ್ಟೆಲ್ ಇಲ್ಲ ಎಂದರು. ತಡವಾಗಿಯಾದರೂ ಅದೂ ಎದ್ದು ನಿಂತಿತು.

ಆ ವರ್ಷ ತಂಡದ ನಾಯಕಿ ಆಮ್ರಪಾಲಿ. ಕಣಗಲಾ ಊರಿನ ಹುಡುಗಿ, ಕೊನೆಯ ವರ್ಷದ ಬಿ.ಎ. ರೇಡಿಗೆ ಹೋದರೆ ಬರಿಗೈಯಲ್ಲಿ ಬರುವುದು ಅಪರೂಪ. ಅವಳಂಥವಳನ್ನು ಸಿದ್ರಾಯ ಹಿಂದೆ ಕಲಿಸಿರಲಿಲ್ಲ.

ಒಂದು ಮಧ್ಯಾಹ್ನ ಪ್ರಾಚಾರ್ಯರು ಅವನನ್ನು ಕರೆಸಿ ಬಾಗಿಲು ಮುಂದಕ್ಕೆಳೆದರು.

"ಸಿದ್ರಾಯ ಸರ, ಈ ಸಲ ನಮ್ಮನ್ನ ಮೊದಲ ಗುಂಪಿಗೆ ತಗೋತಾರಂತ. ಆದ್ರ ಕಾಯಂ ಕ್ರೀಡಾ ನಿರ್ದೇಶಕರು ಇರಬೇಕಂತ್ರಿ."

"ನನ್ನ ಕಾಯಂ ಮಾಡಾಕ ಬರಂಗಿಲ್ಲೇನ್ರಿ?"

"ವಯಸ್ಸು ಮೀರೇತ್ರಿ. ನಮ್ಮ ಸಂಸ್ಥೆಯ ಹುಕ್ಕೇರಿ ಕಾಲೇಜಿನ್ಯಾಗ ಮಹೇಶ ಅಂತ ಅದಾರ, ಕಾಯಂ ಇದ್ದವರು. ಅವರನ್ನ ಇಲ್ಲಿಗೆ ಕರಸಬಹುದು. ಕರಸಿದ್ರ ನಿಮಗ ಜಾಗಾ ಉಳಿಯಂಗಿಲ್ಲ." ಪ್ರಾಚಾರ್ಯರು ಮೇಜಿನ ಗಾಜನ್ನು ನೋಡುತ್ತ ಮಾತು ಮುಗಿಸಿದರು. "ನೀವು ಬ್ಯಾಡ ಅಂದ್ರ ಇನ್ನೊಂದ ವರ್ಷ ಹಿಂಗ ನಡಸೋಣು."

ಕಿಟಕಿಯಾಚೆ ಹುಡುಗಿಯರು ಮೈದಾನದ ಸುತ್ತ ಓಡುತ್ತಿದ್ದರು. ಇನ್ನೊಂದು ವರ್ಷಕ್ಕೆ ಆಮ್ರಪಾಲಿ ಇಲ್ಲಿರುವುದಿಲ್ಲ.

"ಕರಸ್ರಿ," ಅಂದ ಸಿದ್ರಾಯ.

ಸಂಜೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕಸ್ತೂರಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಅವಳ ಕೈ ನಿಂತಿತು.

"ಇಷ್ಟ ವರ್ಷ ದುಡದ ಜಾಗಾ. ನಿಮಗ ಏನೂ ಅನಸಲಿಲ್ಲೇನ್ರಿ?"

"ಇಲ್ಲ."

ಸುಳ್ಳು ಹೇಳಿರಲಿಲ್ಲ. ಕಾಲೇಜಿನಿಂದ ಬಸ್ ನಿಲ್ದಾಣದವರೆಗೂ, ಬಸ್ಸಿನಲ್ಲೂ, ದುಃಖ ಬರುತ್ತದೆ ಎಂದು ಕಾದಿದ್ದ. ಬಂದಿರಲಿಲ್ಲ. ಕಾಲು ಮರಗಟ್ಟಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು.

ಹೊಸದಾಗಿ ಬಂದ ಮಹೇಶ ಒಳ್ಳೆಯವನು. "ನೀವು ಕಟ್ಟಿದ ತಂಡರಿ ಇದು. ಮ್ಯಾಚಿಗೆ ಬರ್ರಿ," ಎಂದು ತಾನೇ ಫೋನು ಮಾಡಿ ಕರೆದ. ಮೊದಲ ಗುಂಪಿನ ಮೊದಲ ಪಂದ್ಯಕ್ಕೆ ಸಿದ್ರಾಯ ಹೋಗಿ ಜನರ ನಡುವೆ ಕೂತ. ಎದುರಿನ ತಂಡದವರು ಮೈಕಟ್ಟಿನಲ್ಲೇ ಬೇರೆ ಇದ್ದರು. ಅರ್ಧ ಆಟಕ್ಕೆ ಗೋಕಾಕದವರು ಬಹಳ ಹಿಂದೆ ಬಿದ್ದಿದ್ದರು. ವಿರಾಮದಲ್ಲಿ ಮಹೇಶ ಏನೋ ತಿಳಿಸಿ ಹೇಳುತ್ತಿದ್ದರೆ ಹುಡುಗಿಯರ ಕಣ್ಣೆಲ್ಲ ಸಿದ್ರಾಯ ಕೂತ ಕಡೆಗೇ. ಆಮ್ರಪಾಲಿಯಂತೂ ಏನು ಮಾಡಲಿ ಎಂದು ಕೈಸನ್ನೆಯಲ್ಲೇ ಕೇಳಿದಳು.

ಸಿದ್ರಾಯನಿಗೆ ಉತ್ತರ ಗೊತ್ತಿತ್ತು. ಆದರೆ ಎದ್ದು ಹೊರಗೆ ಹೋದ. ತಾನು ಕೂತಿರುವವರೆಗೆ ಅವರು ಮಹೇಶನ ಮಾತು ಕೇಳುವುದಿಲ್ಲ. ಗೇಟಿನ ಬಳಿ ಚಹಾ ತೆಗೆದುಕೊಂಡು, ಕುಡಿಯದೆ ಹಿಡಿದು ನಿಂತ. ಒಳಗೆ ಸೀಟಿ ಊದಿದ್ದು, ಜನ ಕೂಗಿದ್ದು ಕೇಳುತ್ತಿತ್ತು. ಯಾರಿಗೆ ಅಂಕ ಬಂತೆಂದು ತಿಳಿಯಲಿಲ್ಲ. ತಿರುಗಿ ಒಳಗೆ ಹೋಗದೆ ಊರ ಬಸ್ಸು ಹಿಡಿದ.

ಕಬ್ಬಿನ ಹಂಗಾಮು ಸುರುವಾದಾಗ ಅಣ್ಣ ಈಚೆಗೆ ಕೊಂಡಿದ್ದ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸತೊಡಗಿದ. ಒಂದು ದಿನ ಸಕ್ಕರೆ ಕಾರ್ಖಾನೆಯ ಮುಂದೆ ಪಾಳಿಗೆ ನಿಂತಿದ್ದಾಗ ಆಮ್ರಪಾಲಿಯ ಫೋನು ಬಂತು.

"ಸರ, ಎಲ್ಲಾ ಮ್ಯಾಚ್ ಸೋತ್ವಿರಿ. ಮುಂದಿನ ವರ್ಷ ನಮ್ಮನ್ನ ಮತ್ತ ಕೆಳಗ ಇಳಸಿದ್ರೂ ಇಳಸಬಹುದಂತ. ಅಲ್ಲಿ ಕಾಲೂರಾಕ ಇನ್ನೂ ನಾಕಾರ ವರ್ಷ ಬೇಕು ಅಂತಾರ ಮಹೇಶ ಸರ. ಆದ್ರ ನನ್ನನ್ನ ಯೂನಿವರ್ಸಿಟಿ ಟೀಮಿಗೆ ಆರಿಸ್ಯಾರ್ರಿ."

"ಚಲೋ ಆತವಾ."

"ಖುಷಿ ಆಗಲಿಲ್ಲೇನ್ರಿ ಸರ?"

"ಆಗಿರಬೇಕು. ನನಗ ಇನ್ನೂ ಗೊತ್ತಾಗವಲ್ದು."

ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಆಡು ಎಂದು ಹೇಳಿ ಅವನು ಫೋನು ಇಟ್ಟ. ಆಮೇಲೆ ಕಸ್ತೂರಿಗೆ ಫೋನು ಮಾಡಿ ಸುದ್ದಿ ಹೇಳಿದ. ಅವಳು ಅತ್ತುಬಿಟ್ಟಳು. ಅವಳ ಅಳು ನಿಲ್ಲುವವರೆಗೂ ಸಿದ್ರಾಯ ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದ.