ಕೋರ್ನ್‌ಫೆಲ್ಡ್ ಶಟರಿಗೆ ಬಿಟ್ಟ ಎಣ್ಣೆ

ಮಾಧವಿ ಊಟದ ಮೇಜಿನ ಮೇಲಿಟ್ಟ ಹಾಳೆಯನ್ನು ಪೀರ್ ಅಹ್ಮದ್ ಮೂರನೇ ಸಲ ಓದಿದರು. ಅಮೆರಿಕದ ಪಿಸ್ಕಾಟವೇ ಊರಿನ ಲೈಬ್ರರಿಯಲ್ಲಿ ಹಳೇ ಕ್ಯಾಮೆರಾಗಳ ಪ್ರದರ್ಶನ. ಒಂದು ಗೋಡೆ ಪೂರ್ತಿ ಜರ್ಮನಿಯ ಕೋರ್ನ್‌ಫೆಲ್ಡ್ ಕಂಪನಿಯದು, ಆ ಗೋಡೆಯ ನಡುವಿನ ಬೋರ್ಡು ಪೀರ್ ಅಹ್ಮದರ ಬಗ್ಗೆ; ಅದಕ್ಕೆ ಬರೆದದ್ದು ಈ ಹಾಳೆ. ಅಲ್ಲಿ ವಾಲಂಟಿಯರ್ ಆಗಿದ್ದ ಮಾಧವಿ, ತನ್ನ ಪುಟ್ಟ ಮಗಳು ಅವನಿಯನ್ನು ಸೊಂಟಕ್ಕೇರಿಸಿಕೊಂಡು ಕೆಂಡಲ್ ಪಾರ್ಕಿನ ಇವರ ಮನೆಗೆ ಬಂದಿದ್ದಳು. ಕೊನೆಯ ಸಾಲು ಹೀಗಿತ್ತು: ‘ಹತ್ತು ವರ್ಷಗಳಲ್ಲಿ ಇವರು ರಿಪೇರಿ ಮಾಡಿದ ಒಂದೇ ಒಂದು ಕ್ಯಾಮೆರಾವೂ ದೂರು ಹೊತ್ತು ವಾಪಸು ಬರಲಿಲ್ಲ.’

“ಈ ಸಾಲು ತೆಗೆದುಬಿಡಮ್ಮ.”

“ಅಯ್ಯೋ ಅಂಕಲ್, ಅದೇ ಬೆಸ್ಟ್ ಲೈನು! ಆಂಟಿನೇ ಹೇಳಿದ್ದು.”

“ನಾನೇ ಹೇಳಿದ್ದು,” ಅಡುಗೆಮನೆಯಿಂದ ಹೆಂಡತಿ ಆಬಿದಾ ಕೂಗಿದರು. “ಹೊಗಳಿದ್ರೆ ಇವರಿಗೆ ಮೈ ಕಡಿಯತ್ತೆ. ಇರ್ಲಿ ಬಿಡು, ತೆಗೀಬೇಡ.”

ಪೀರ್ ಅಹ್ಮದ್ ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಗಡಿಯಾರ ರಿಪೇರಿ ಮಾಡುವವರ ಮನೆಯಲ್ಲಿ. ಚಕ್ರ ಬಿಗಿಯಾಗಿ ತಿರುಗಿದರೆ ಸೂಜಿಯ ತುದಿಯಲ್ಲಿ ಒಂದು ಹನಿ ಎಣ್ಣೆ: ಅಪ್ಪ ಕಲಿಸಿದ ಮೊದಲ ಪಾಠ ಅದು. ಎಂಬತ್ತೊಂದರಲ್ಲಿ ಅಮೆರಿಕಕ್ಕೆ ಬಂದಾಗ ಜ್ಯಾಕ್ಸನ್ ಹೈಟ್ಸಿನ ವಾಚ್ ಅಂಗಡಿಯೊಂದರಲ್ಲಿ ಕೆಲವು ತಿಂಗಳು ಕೂತರು. ಪಿಸ್ಕಾಟವೇಯಲ್ಲಿದ್ದ ಕೋರ್ನ್‌ಫೆಲ್ಡ್ ಸರ್ವೀಸ್ ಸೆಂಟರಿಗೆ ನಾಜೂಕು ಕೆಲಸದ ಕೈಯವರು ಬೇಕಾಗಿದ್ದಾರೆಂದು ಯಾರೋ ಹೇಳಿದರು. ಹೋದರು. ಬಿಳಿ ಕೋಟು ಕೊಟ್ಟರು. ಆ ಕೋಟು ತೊಟ್ಟು ತೆಗೆಸಿಕೊಂಡ ಫೋಟೋ ಮೈಸೂರಿನ ಅಂಗಡಿಗೆ ಹೋದಾಗ, ಮಗ ಡಾಕ್ಟರಾದನೇ ಎಂದು ಗಿರಾಕಿಗಳು ಅಪ್ಪನನ್ನು ಕೇಳಿದ್ದರಂತೆ.

ಜರ್ಮನಿಯ ನದಿದಡದ ಪುಟ್ಟ ಊರೊಂದರಲ್ಲಿ, ಕನ್ನಡಕದ ಗಾಜು ಉಜ್ಜುವವನೊಬ್ಬ ಎರಡು ಕೋಣೆಗಳಲ್ಲಿ ಶುರು ಮಾಡಿದ ಕಂಪನಿ ಅದು. ಐವತ್ತು ವರ್ಷ ತುಂಬುವ ಹೊತ್ತಿಗೆ ಮೂರು ಸಾವಿರ ಜನ ಅಲ್ಲಿ ದುಡಿಯುತ್ತಿದ್ದರು. ಊರಿನವರು ಅದರ ಸೈರನ್ ಕೇಳಿ ಊಟಕ್ಕೆ ಏಳುತ್ತಿದ್ದರು. ಮೈಸೂರಿನ ದೊಡ್ಡ ಸ್ಟುಡಿಯೋದಲ್ಲೂ ಒಂದು ಕೋರ್ನ್‌ಫೆಲ್ಡ್ ಇತ್ತು, ಅದನ್ನು ಮುಟ್ಟುವ ಅಧಿಕಾರ ಮಾಲೀಕರಿಗೆ ಮಾತ್ರ. ಆದರೆ ಪೀರ್ ಅಹ್ಮದ್ ಕೆಲಸಕ್ಕೆ ಸೇರುವ ಹೊತ್ತಿಗೆ ಆ ವೈಭವ ಇಳಿಯತೊಡಗಿತ್ತು. ಜಪಾನಿನ ಕ್ಯಾಮೆರಾ ಅರ್ಧ ಬೆಲೆಗೆ ಸಿಗುತ್ತಿತ್ತು, ಬೆಳಕನ್ನೂ ತಾನೇ ಅಳೆದುಕೊಳ್ಳುತ್ತಿತ್ತು. ನಮ್ಮ ಗಿರಾಕಿ ಕಾಯುತ್ತಾನೆ ಎಂದು ಜರ್ಮನಿಯಿಂದ ಬಂದ ದೊಡ್ಡವರು ಪ್ರತಿ ವರ್ಷ ಹೇಳಿ ಹೋಗುತ್ತಿದ್ದರು. ಗಿರಾಕಿ ಕಾಯಲಿಲ್ಲ.

“ಯಾಕೆ ತೆಗೀಬೇಕು ಅಂಕಲ್? ಮಾಡೆಸ್ಟಿನಾ?” ಮಾಧವಿ ಪೆನ್ನಿನ ಮುಚ್ಚಳವನ್ನು ಅವನಿಯ ಬಾಯಿಂದ ತೆಗೆಯುತ್ತ ಕೇಳಿದಳು.

“ಸುಳ್ಳು ಅದಕ್ಕೆ. ಮೂವತ್ತೊಂದು ವಾಪಸ್ ಬಂದ್ವು.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಎಂಬತ್ತಾರರ ಚಳಿಗಾಲದಲ್ಲಿ ಕ್ಯಾಮೆರಾಗಳು ಸಾಲುಸಾಲಾಗಿ ರಿಪೇರಿಗೆ ಬಂದಿದ್ದವು. ಬೆಳಕಿಗೆ ಕ್ಷಣ ಮಾತ್ರ ತೆರೆದು ಮುಚ್ಚಬೇಕಾದ ಶಟರ್ ಹಿಮದಲ್ಲಿ ಜಡವಾಗುತ್ತಿತ್ತು, ಹೆಚ್ಚು ಬೆಳಕು ನುಗ್ಗಿ ಫೋಟೋ ಬೆಳ್ಳಗಾಗಿ ಕೆಡುತ್ತಿತ್ತು. ಪೂರ್ತಿ ಬಿಚ್ಚಿ, ತೊಳೆದು, ಒಣಗಿಸಬೇಕು ಎಂಬುದು ಕಂಪನಿಯ ಪದ್ಧತಿ. ಅರ್ಧ ದಿನದ ಕೆಲಸ. ಮ್ಯಾನೇಜರಿಗೆ ದಿನಕ್ಕೆ ಆರು ಬೇಕು. ಗಡಿಯಾರದವರ ಮಗನ ಕೈ ತನಗೆ ಗೊತ್ತಿದ್ದನ್ನೇ ಮಾಡಿತು: ಸೂಜಿಯ ತುದಿಯಲ್ಲಿ ಒಂದು ಹನಿ. ಶಟರ್ ಗಡಿಯಾರದ ಹಾಗೆ ಟಿಕ್ಕೆಂದಿತು. ಜುಲೈ ಬಿಸಿಲಿಗೆ ಆ ಎಣ್ಣೆ ಹರಡಿ, ಶಟರಿನ ತೆಳು ತಗಡುಗಳು ಒದ್ದೆ ಹಪ್ಪಳಗಳಂತೆ ಒಂದಕ್ಕೊಂದು ಅಂಟಿಕೊಂಡವು. ಮದುವೆಗಳ ಸೀಸನ್ನು. ಎಷ್ಟು ಮದುಮಕ್ಕಳ ಫೋಟೋ ಹೋಯಿತೋ!

“ಎಣ್ಣೆ ಬಿಟ್ಟೋನು ನಾನು. ಮುಚ್ಚಳ ಹಾಕಿ, ಟೆಸ್ಟ್ ಮಾಡಿ, ಚೀಟಿಗೆ ಸೈನ್ ಮಾಡ್ತಿದ್ದಿದ್ದು ಪಕ್ಕದ ಬೆಂಚಿನ ರೋಸಾ ಮೆದೀನಾ. ಮೂವತ್ತೊಂದು ಚೀಟಿಯಲ್ಲೂ ಅವಳದೇ ಸೈನು. ಮ್ಯಾನೇಜರು ಚೀಟಿಗಳನ್ನ ಟೇಬಲ್ ಮೇಲೆ ಹರಡಿ ಇದೇನು ಅಂತ ಅವಳನ್ನ ಕೇಳಿದ್ರು. ಅದೇ ಟೇಬಲ್ ಮೇಲೆ, ಕಂಪನಿ ಸೈನ್ ಹಾಕಬೇಕಿದ್ದ ನನ್ನ ಗ್ರೀನ್ ಕಾರ್ಡ್ ಫೈಲೂ ಇತ್ತು.”

“ನೀವೇನಂದ್ರಿ?”

“ಏನೂ ಅನ್ಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಬೆಂಚಿನ ಮೇಲೆ ಬಿಗಿಯಾಗೇ ಇದ್ದ ಸ್ಕ್ರೂನ ಮತ್ತೆ ಬಿಗಿ ಮಾಡ್ತಾ ಕೂತೆ. ಶುಕ್ರವಾರ ಅವಳನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ರು.”

ಐದು ವರ್ಷದ ಮೇಲೆ ಸೆಂಟರೇ ಮುಚ್ಚಿತು, ಮರುವರ್ಷ ಜರ್ಮನಿಯ ಕಾರ್ಖಾನೆಯೂ. ಪೀರ್ ಅಹ್ಮದ್ ಫೋಟೋ ಲ್ಯಾಬ್ ಒಂದಕ್ಕೆ ಸೇರಿದರು. ಡಿಜಿಟಲ್ ಬಂದ ಮೇಲೆ ಅದೂ ಹೋಯಿತು. ಈಗ ಯೂನಿವರ್ಸಿಟಿಯ ಹುಡುಗ ಹುಡುಗಿಯರು ಅಜ್ಜಂದಿರ ಕ್ಯಾಮೆರಾ ಹಿಡಿದು ಮನೆಗೇ ಬರುತ್ತಾರೆ. ಅವರು ‘ಮಾಸ್ಟರ್’ ಎಂದು ಕರೆದಾಗೆಲ್ಲ ಪೀರ್ ಅಹ್ಮದರಿಗೆ ಬಿಳಿ ಕೋಟಿನ ಕಾಲರು ಇನ್ನೂ ಕುತ್ತಿಗೆಗೆ ಒತ್ತಿದಂತಾಗುತ್ತದೆ.

“ಕಂಪನಿ ಮುಳುಗಿದ್ದು ನನ್ನ ಎಣ್ಣೆಯಿಂದಲ್ಲ ಅಂತ ಗೊತ್ತಮ್ಮ, ಅಷ್ಟು ಹುಚ್ಚನಲ್ಲ. ರೋಸಾ ಕೆಲಸ ಹೋಗಿದ್ದು ಮಾತ್ರ ಅದರಿಂದಲೇ.”

ಆಬಿದಾ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತರು. “ಮಗ ಹುಟ್ಟಿದಾಗ ಉಲ್ಲನ್ ಟೋಪಿ ಹೆಣೆದು ಕೊಟ್ಳಲ್ಲ, ಆ ರೋಸಾನಾ?”

“ಹೂಂ.”

“ನಾನು ಕಂಡೋರ ಮದುವೇಲೆಲ್ಲ ನಿಮ್ಮ ಜಂಬ ಕೊಚ್ಕೊಂಡು ತಿರುಗ್ತಿದ್ನಲ್ಲ, ಆವಾಗಾದ್ರೂ ನನ್ನ ಬಾಯಿ ಮುಚ್ಚಿಸ್ಬಾರ್ದಿತ್ತಾ?”

ಪೀರ್ ಅಹ್ಮದ್ ಹಾಳೆಯನ್ನು ಮಾಧವಿಯ ಕಡೆ ಸರಿಸಿದರು. ಮಾಧವಿ ಆ ಸಾಲಿನ ಮೇಲೆ ಗೀಟು ಎಳೆದಳು. “ಅಂಕಲ್, ಗುರುವಾರ ಪ್ರಿಂಟಿಗೆ ಹೋಗತ್ತೆ. ಈ ಲೈನು ತೆಗೆದ್ರೆ ಸಾಕಾ, ನಡೆದಿದ್ದನ್ನೂ ಬರೀಬೇಕಾ? ಬರೆಯೋದಾದ್ರೆ ರೋಸಾ ಅವರನ್ನ ಕೇಳ್ದೆ ನಾನು ಬರೆಯಲ್ಲ. ಎಲ್ಲಿದ್ದಾರೆ, ಗೊತ್ತಾ?”

“ಇಲ್ಲೇ ಹತ್ತಿರ, ಪರ್ತ್ ಆಂಬಾಯ್ ಊರಲ್ಲಿ. ಮಗಳ ಬೇಕರಿ ಇದೆ. ಬೆಳಿಗ್ಗೆ ಹೊತ್ತು ಇವಳೂ ಅಲ್ಲೇ ಇರ್ತಾಳೆ.”

“ಅಷ್ಟು ಚೆನ್ನಾಗಿ ಗೊತ್ತು!” ಎಂದರು ಆಬಿದಾ.

ಮರುದಿನ ಬೆಳಿಗ್ಗೆ ಆಬಿದಾ ಡಬ್ಬಿಗೆ ಶೀರ್ ಕುರ್ಮಾ ತುಂಬಿ ಕಾರಿನ ತನಕ ಬಂದರು. ಕೊಡಲು ಕೈ ಚಾಚಿದವರು ಹಾಗೇ ಹಿಂದಕ್ಕೆ ಎಳೆದುಕೊಂಡರು. “ಬೇಡ. ಸಿಹಿ ತಿನ್ನಿಸಿ ಬಾಯಿ ಮುಚ್ಚಿಸೋಕೆ ಬಂದ ಅಂದ್ಕೋತಾಳೆ. ಬರಿಗೈಲೇ ಹೋಗಿ. ಬಿಪಿ ಮಾತ್ರೆ ತಗೊಂಡ್ರಾ?”

ಬೇಕರಿಯಲ್ಲಿ ನಾಲ್ಕು ಜನ ಸಾಲಿನಲ್ಲಿದ್ದರು. ಪೀರ್ ಅಹ್ಮದ್ ಐದನೆಯವರಾಗಿ ನಿಂತರು. ಸರದಿ ಬಂದಾಗ ರೋಸಾ ತಲೆ ಎತ್ತಿ, ಎಷ್ಟು ರೊಟ್ಟಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಮೇಲೆ ಗುರುತು ಹಿಡಿದಳು. ಕೈಯಲ್ಲಿದ್ದ ಕಾಗದದ ಚೀಲವನ್ನು ಮಡಿಸಿ ಕೆಳಗಿಟ್ಟಳು.

“ಎಣ್ಣೆ ಬಿಟ್ಟವನು ನಾನು, ರೋಸಾ.”

“ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ವಾಚಿನ ಎಣ್ಣೆ ಇಟ್ಟುಕೊಂಡಿದ್ದವನು ನೀನೊಬ್ಬನೇ.”

“ಮತ್ತೆ ಯಾಕೆ ಹೇಳಲಿಲ್ಲ?”

“ನಿನ್ನ ಗ್ರೀನ್ ಕಾರ್ಡ್ ಪೇಪರ್ಸು ಆ ಟೇಬಲ್ ಮೇಲಿದ್ದವು, ನಾನೂ ನೋಡಿದೆ. ನೀನೇ ಹೇಳುತ್ತೀಯ ಅಂತ ಶುಕ್ರವಾರದವರೆಗೆ ಕಾದೆ.” ಕೌಂಟರಿನ ಮೇಲಿನ ಹಿಟ್ಟನ್ನು ಬಟ್ಟೆಯಿಂದ ಒರೆಸಿದಳು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. “ಎರಡು ವರ್ಷ ಬೇರೆ ಕೆಲಸ ಸಿಗಲಿಲ್ಲ. ಅದನ್ನು ತಿಳಿದುಕೋ.”

ಪೀರ್ ಅಹ್ಮದ್ ತಲೆಯಾಡಿಸಿದರು. ಮಾಧವಿಯ ಬೋರ್ಡಿನ ವಿಷಯ ಹೇಳಿದರು. ನಡೆದದ್ದನ್ನು ನಡೆದ ಹಾಗೇ ಬರೆಸಬೇಕೆಂದಿದ್ದೇನೆ, ನೀನು ಬೇಡವೆಂದರೆ ಬೋರ್ಡೇ ಬೇಡ ಎಂದರು.

“ಬರೆಸು. ಕ್ಷಮಿಸಿದಳು ಅಂತ ಮಾತ್ರ ಸೇರಿಸಬೇಡ, ಅದನ್ನು ನಾನಿನ್ನೂ ಯೋಚಿಸಬೇಕು. ಒಂಬತ್ತು ವರ್ಷ ಆ ಕ್ಯಾಮೆರಾಗಳಿಗೆ ಮುಚ್ಚಳ ಹಾಕಿದ್ದೀನಿ. ನನ್ನ ಹೆಸರು ಹಾಕಿಸು, ಪೂರ್ತಿ ಹೆಸರು. ನಿನ್ನ ಹೆಸರಿನ ಅಕ್ಷರ ಎಷ್ಟು ದಪ್ಪವೋ ಅಷ್ಟೇ ದಪ್ಪ.”

ಪೀರ್ ಅಹ್ಮದ್ ಅಲ್ಲೇ ಕೌಂಟರಿಗೆ ಒರಗಿ ಮಾಧವಿಗೆ ಫೋನ್ ಹಚ್ಚಿದರು. “ಬರ್ಕೋಮ್ಮ,” ಎಂದರು. ಹಿಂದೆ ನಿಂತಿದ್ದವರು ಗೊಣಗತೊಡಗಿದರು. ರೋಸಾ ಅವರಿಗೆ ಕೈಯಿಂದಲೇ ತಾಳಿ ಎಂದು, ತನ್ನ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದಳು.