ಸುಡದ ಕಲ್ಲು

ಬೇಸಿಗೆ ಕಾಲಿಡುತ್ತಲೇ ಹೊಳೆನರಸೀಪುರದ ಆ ಗುಡಿಯ ಅಂಗಳದ ಚಪ್ಪಡಿಗಳು ಕಾವಲಿಯಂತೆ ಕಾಯುತ್ತಿದ್ದವು. ಭಕ್ತರೆಲ್ಲ ಕುಣಿಯುತ್ತ ನೆರಳಿಗೆ ಓಡುತ್ತಿದ್ದರೆ, ಅರ್ಚಕ ಸಂಪತ್ಕುಮಾರರು ಮಾತ್ರ ಬರಿಗಾಲಲ್ಲಿ ನಿಧಾನವಾಗಿ ದಾಟುತ್ತಿದ್ದರು.

"ನಮ್ ಅಯ್ನೋರ್ಗೆ ಬಿಸ್ಲೇ ತಾಗಕಿಲ್ಲ ಕಣ್ರವ್ವಾ! ದೇವ್ರೇ ಕಾಲ್ನ ತಣ್ಣುಗ್ ಮಡ್ಗವ್ನೆ," ಎಂದು ಹೂವು ಮಾರುವ ಸುಬ್ಬಮ್ಮ ಸಾರಿದಳು.

ಸಂಪತ್ಕುಮಾರರು ಅಲ್ಲಗಳೆಯಲಿಲ್ಲ. ತಲೆಮಾರುಗಳ ಪೂಜೆಯ ಫಲವಿರಬಹುದೆಂದು ಅವರಿಗೂ ಅನ್ನಿಸಿತ್ತು. ಅಂದಿನಿಂದ ನೆರಳಿದ್ದರೂ ಬಿಸಿಲಲ್ಲೇ ನಡೆಯತೊಡಗಿದರು, ಅದೂ ನೋಡುವವರಿದ್ದಾಗ.

ಭಯ ಹುಟ್ಟಿದ್ದು ಚಪ್ಪಲಿಯಿಂದ. ಪೇಟೆಯಿಂದ ಮನೆಗೆ ಬಂದು ನೋಡಿದರೆ ಬಲಗಾಲಿನದು ಇಲ್ಲ. ಎಲ್ಲಿ ಕಳಚಿತೋ, ಕಾಲಿಗೆ ಸುದ್ದಿಯೇ ಇಲ್ಲ. ಆಮೇಲೊಂದು ದಿನ ಗರ್ಭಗುಡಿಯಲ್ಲಿ ಕಣ್ಣು ಮುಚ್ಚಿ ನಿಂತಿದ್ದಾಗ ಮೈ ತೂರಾಡಿತು. ಹೊರಗಿನವರು ದೇವರು ಮೈಮೇಲೆ ಬಂತೆಂದು ಕೈಮುಗಿದರು. ಒಳಗೆ ಅರ್ಚಕರು ಗೋಡೆ ಹಿಡಿದು ಬೆವೆತುಹೋದರು. ಮಂಗಳಾರತಿ ತಟ್ಟೆ ಕೈಯಲ್ಲಿದ್ದಾಗ ಹೀಗಾದರೆ? ಉರಿಯುವ ಕರ್ಪೂರದ ಸಮೇತ ದೇವರ ಮೇಲೇ ಬಿದ್ದರೆ?

ಅಂದಿನಿಂದ ಕಣ್ಣು ಮುಚ್ಚುವುದೆಂದರೇ ಹೆದರಿಕೆ. ಸ್ನಾನಕ್ಕೆ ಹೋದರೆ ಮುಖಕ್ಕೆ ಸೋಪು ಹಚ್ಚಲೂ ಧೈರ್ಯವಿಲ್ಲ. ಯಾರಿಗೂ ಹೇಳಲಿಲ್ಲ. ಮಹಿಮೆ ಇರುವವರು ಕಾಯಿಲೆ ಎಂದು ಹೇಗೆ ಹೇಳಿಯಾರು?

"ಏನ್ರೀ, ಅಂಗಾಲಲ್ಲಿ ಮೊಳೆ! ನೆಲವೆಲ್ಲ ರಕ್ತ!" ಎಂದು ಒಂದು ಬೆಳಗ್ಗೆ ಹೆಂಡತಿ ಚೂಡಾಮಣಿ ಚೀರಿದರು.

"ಹೌದಾ?" ಎಂದರು ಸಂಪತ್ಕುಮಾರರು.

ಆ "ಹೌದಾ" ಕೇಳಿ ಚೂಡಾಮಣಿ ಮೊಳೆ ಕಿತ್ತು ಅವರ ಕಣ್ಣೆದುರು ಹಿಡಿದರು. "ನಿಮ್ಮ ಮಹಿಮೆ ಸಾಕು. ಹಾಸನಕ್ಕೆ ನಡೀರಿ."

ಹಾಸನದ ಡಾಕ್ಟರು ಶ್ರೀಗೌರಿ ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಹೇಳಿದರು: "ಬಿ ಹನ್ನೆರಡು ವಿಟಮಿನ್ ತೀರಾ ಕಮ್ಮಿ. ನರಗಳು ಸೊರಗಿವೆ. ಅದಕ್ಕೇ ಕಾಲಿಗೆ ಏನೂ ತಿಳಿಯಲ್ಲ, ಕಣ್ಣು ಮುಚ್ಚಿದ್ರೆ ಮೈ ವಾಲುತ್ತೆ."

"ನಮ್ಮನೇಲಿ ಹಾಲು ಮೊಸರಿಗೆ ಏನೂ ಕಮ್ಮಿ ಇಲ್ಲಮ್ಮ."

"ಹೊಟ್ಟೆಗೆ ಇಳಿದ್ರೆ ಸಾಲ್ದು ಸ್ವಾಮಿ. ಜಠರದಲ್ಲಿ ಒಂದು ದ್ರವ್ಯ ಊರುತ್ತೆ. ಅದು ಕೈ ಹಿಡಿದು ಕರ್ಕೊಂಡು ಹೋದ್ರೇನೇ ಸಣ್ಣಕರುಳಿನ ಕೊನೇಲಿ ಈ ವಿಟಮಿನ್ನ ಒಳಗೆ ಬಿಟ್ಕೊಳ್ಳೋದು. ನಿಮ್ಮಲ್ಲಿ ಅದೇ ಬತ್ತಿಹೋಗಿದೆ. ಎಷ್ಟು ಹಾಲು ಕುಡಿದ್ರೂ ಬಾಗಿಲವರೆಗೆ ಬಂದು ವಾಪಸ್ಸು."

ಗರ್ಭಗುಡಿಯ ಹೊಸಿಲಲ್ಲಿ ನಿಂತು ಭಕ್ತರಿಗೆ "ಹೊರಗೇ, ಹೊರಗೇ" ಎಂದು ಜನ್ಮವಿಡೀ ಕೂಗಿದವರಿಗೆ ಈ ಮಾತು ಚೆನ್ನಾಗಿಯೇ ಅರ್ಥವಾಯಿತು.

"ಕಾಲು ಮೊದಲಿನ ಹಾಗೆ ಆಗುತ್ತಾಮ್ಮ?" ಸಂಪತ್ಕುಮಾರರು ಪಾದವನ್ನು ಮುಂದೆ ಚಾಚಿದರು.

"ಇಂಜೆಕ್ಷನ್ನಿಗೆ ಕರುಳಿನ ಹಂಗಿಲ್ಲ. ಆದ್ರೆ ತಡವಾಗಿ ಬಂದಿದ್ದೀರಿ. ಎಷ್ಟು ಸರಿಹೋಗುತ್ತೋ, ಈಗ್ಲೇ ಹೇಳಕ್ಕಾಗಲ್ಲ."

ಇಂಜೆಕ್ಷನ್ ನಡೆಯಿತು. ಮಂಗಳಾರತಿ ತಟ್ಟೆ ತಮ್ಮನ ಮಗನ ಕೈಗೆ ಹೋಯಿತು. ದಿನಾ ಮಧ್ಯಾಹ್ನ ಸಂಪತ್ಕುಮಾರರು ಚಪ್ಪಡಿಯ ಮೇಲೆ ಕಾಲಿಟ್ಟು ಕಾಯುತ್ತಿದ್ದರು. ಕಲ್ಲು ಏನೂ ಹೇಳುತ್ತಿರಲಿಲ್ಲ.

ಮೇ ತಿಂಗಳಲ್ಲೊಂದು ದಿನ, ಬಸ್ಸು ತುಂಬ ಬಂದ ಭಕ್ತರು ನೋಡುತ್ತಿದ್ದಂತೆಯೇ, "ಅಯ್ಯಯ್ಯಪ್ಪಾ!" ಎಂದು ಕಿರುಚಿ ಎಡಗಾಲನ್ನೆತ್ತಿ ಹಾರಿದರು.

"ಅಯ್ಯೋ, ಅಯ್ನೋರ್ ಮೈಮೆ ಓಗ್ಬುಡ್ತಲ್ಲಪ್ಪಾ!" ಎಂದು ಸುಬ್ಬಮ್ಮ ಹಣೆ ಬಡಿದುಕೊಂಡಳು.

ಸಂಪತ್ಕುಮಾರರ ಕಣ್ಣಲ್ಲಿ ನೀರು. "ಸುಡ್ತು ಕಣೇ ಸುಬ್ಬಮ್ಮ, ಸುಡ್ತು!"

ಆಮೇಲೆ, ಕೂಗು ಕೇಳಿ ಓಡಿಬಂದ ಚೂಡಾಮಣಿಯವರ ಭುಜ ಹಿಡಿದು, ಬಲಗಾಲನ್ನು ಮೆಲ್ಲಗೆ ಕಲ್ಲಿನ ಮೇಲೆ ಊರಿದರು. ಉಸಿರು ಬಿಗಿಹಿಡಿದು ಕಾದರು.